ಇಪ್ಪತ್ತಾರು

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ, ರಿಕ್ಷಾಗಳ ಸಾಲು ಮುಗಿಯುವಲ್ಲಿ
ನೀಲಗಂಗವ್ವನ ಬಾಣಲೆ.
‘ನಿನಗೆ ಅವರ ಭಾಷೆ ಬರುತ್ತಲ್ಲ, ನೀನೇ ಹೋಗು’
ಎಂದಿದ್ದರು ಪಾಲ್ಕರ್ ಸಾಹೇಬರು.
ಹಗಲೆಲ್ಲ ಕಪ್ಪು-ಬಸಿ ತೊಳೆದ ಕೈಯಲ್ಲಿ
ರಾತ್ರಿಶಾಲೆಯಲ್ಲಿ ತಿದ್ದಿದ ಅಕ್ಷರ
ಹೀಗೊಂದು ದಿನ ಸರ್ಕಾರಕ್ಕೆ ಬೇಕಾದೀತೆಂದು
ನಾನೆಲ್ಲಿ ಎಣಿಸಿದ್ದೆ?

ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಇಪ್ಪತ್ತು ಲೀಟರಿನ ಡಬ್ಬ,
ಕೈಯಲ್ಲಿ ಕಡ್ಡಿಯಂಥ ಮೀಟರು.
ಅದ್ದಿದರೆ ಅಂಕಿ ಮೂಡುತ್ತದೆ.
ಇಪ್ಪತ್ತೈದರವರೆಗೆ ಎಣ್ಣೆ ಅವಳದು.
ದಾಟಿದರೆ ದೇಶದ್ದು.

ಇಪ್ಪತ್ತಾರು.

‘ನಿನ್ನೆ ರಾತ್ರಿ ಸುರುವೀನಿ ತಮ್ಮಾ,’ ಅಂದಳು.
‘ಎಣ್ಣಿ ಸತ್ತದ್ದು ನನಗ ಗೊತ್ತಾಗೂದಿಲ್ಲೇನು?
ನೊರಿ ಕಟ್ಟಿ ನಿಂತರ ಸತ್ತಂಗ.
ಮೂಗಿಗೆ ಅಡರಿದರ ಸತ್ತಂಗ.
ಇದು ಇನ್ನಾ ಮಾತಾಡಾಕತ್ತೈತಿ, ಕೇಳು.’
ಕೇಳಿದೆ. ಹಿಟ್ಟಿನಲ್ಲಿ ಮುಳುಗೆದ್ದ ಮೆಣಸಿನಕಾಯಿಯ ಸುತ್ತ
ಚುರುಚುರು ಅನ್ನುತ್ತಿತ್ತು.
ಆ ಸದ್ದು ಬರೆಯಲು ಆ್ಯಪಿನಲ್ಲಿ ಜಾಗವಿಲ್ಲ.

‘ಕಡ್ಡಿ ಒರಸೀಯೇನು? ಹಿಂದಿನ ಅಂಗಡಿ ಎಣ್ಣಿ ಅದರಾಗೈತಿ.’
ಒರೆಸಿರಲಿಲ್ಲ.
ಒರೆಸಿ ಮತ್ತೆ ಅದ್ದಬಹುದಿತ್ತು,
ಆದರೆ ಒಮ್ಮೆ ಒತ್ತಿದ ಅಂಕಿ ಮೇಲೆ ಹೋಗಿಬಿಟ್ಟಿರುತ್ತದೆ.
ಮೇಲೆ ಅಂದರೆ ಎಲ್ಲಿ, ನಾನೂ ಕೇಳಿದವನಲ್ಲ.

ತರಬೇತಿಯಲ್ಲಿ ಪರದೆಯ ತುಂಬ ಹಸಿರು ಬಾಣಗಳು:
ಬಾಣಲೆಯಿಂದ ಡಬ್ಬಕ್ಕೆ, ಡಬ್ಬದಿಂದ ಕಾರ್ಖಾನೆಗೆ,
ಅಲ್ಲಿಂದ ಲಾರಿಗೆ, ಲಾರಿಯಿಂದ ಪೇಟೆಗೆ, ತಿರುಗಿ ಬಾಣಲೆಗೆ.
ವೃತ್ತ ಎಂದರು. ಚಹಾ ಕೊಟ್ಟರು.
ಇದರ ಯಾವ ಮೂಲೆಯಲ್ಲಿ ಭಜಿಯವಳು ನಿಲ್ಲುತ್ತಾಳೆಂದು ಹುಡುಕಿದೆ;
ವೃತ್ತಕ್ಕೆ ಮೂಲೆ ಇರುವುದಿಲ್ಲ.

ರಸ್ತೆಯಾಚೆಯ ಏಸಿ ಹೊಟೇಲಿಗೆ ನಾವು ಹೋಗುವುದಿಲ್ಲ.
ಅವರದೇ ಕಡ್ಡಿ, ಅವರದೇ ಕೈ,
ತಿಂಗಳಿಗೊಮ್ಮೆ ಮೇಲ್ ಬರುತ್ತದೆ: ಹತ್ತೊಂಬತ್ತು.
ಗಣಪತಿ ಹಬ್ಬದ ತಿಂಗಳೂ ಹತ್ತೊಂಬತ್ತು.

‘ನೂರಾ ನಲವತ್ತಕ್ಕ ತಂದದ್ದು ಮೂವತ್ತಕ್ಕ ಒಯ್ತಿ.
ಒಯ್ಯಿ. ಗಾಡಿ ಓಡಿದ ಮ್ಯಾಲ
ಹೊಗಿ ಹೆಂಗಿದ್ರೂ ನನ್ನ ಮಾರಿಗೇ ಬರ್ತೈತಿ.’
ಬಾಣಲೆಯನ್ನು ತಾನೇ ಬಗ್ಗಿಸಿದಳು.
ತಳದಲ್ಲಿ ಸೌಟಿನಷ್ಟು ಉಳಿಸಿಕೊಂಡಳು.
ಆಗ ನಾನು ರಿಕ್ಷಾಗಳನ್ನು ಎಣಿಸುತ್ತಿದ್ದೆ.

ಸೊಂಟದ ಯಂತ್ರ ನಾಲಗೆ ಚಾಚಿತು:
ರಾಷ್ಟ್ರದ ಇಂಧನಕ್ಕೆ ನಿಮ್ಮ ಕೊಡುಗೆ
ಎರಡು ಲೀಟರ್ ಮುನ್ನೂರು. ಧನ್ಯವಾದ.
ಕಡೆಯ ಎರಡು ಭಜಿಯನ್ನು ಅದರಲ್ಲೇ ಸುತ್ತಿ
ನನ್ನ ಕೈಗಿಟ್ಟಳು.
‘ರೊಕ್ಕ ಬ್ಯಾಡ. ಸರ್ಕಾರದಿಂದ ಬಂದೀದಿ.’

ಆರು ಹತ್ತರ ಠಾಣೆ ಲೋಕಲ್ಲಿನಲ್ಲಿ ಬಿಚ್ಚಿದೆ.
ಕಾವಿಗೆ ಚೀಟಿ ಪೂರ್ತಿ ಕಪ್ಪಾಗಿತ್ತು,
ಹೆಸರು, ಅಂಕಿ, ಧನ್ಯವಾದ, ಎಲ್ಲ.
ಭಜಿಯನ್ನು ಮೂಗಿಗೆ ಹಿಡಿದೆ, ಅವಳು ಹೇಳಿದ ಹಾಗೆ.
ಪಕ್ಕದವನು ಮೊಣಕೈ ತಾಗಿಸಿ ಕೇಳಿದ,
ಎಲ್ಲಿಯದು?