ಕೋವಿ ಗೂಟ

ಠಾಣೆಯ ಹಿಂಬದಿಯ ಕೋಣೆಯಲ್ಲಿ
ಹದಿನೇಳು ಕೋವಿಗಳು ಗೋಡೆಗೊರಗಿ ನಿಂತಿದ್ದವು,
ಪಡಿತರದ ಸಾಲಿನಲ್ಲಿ ನಿಂತವರ ಹಾಗೆ.
ಕೊರಳಿಗೊಂದೊಂದು ರಟ್ಟಿನ ಚೀಟಿ: ಊರು, ಹೆಸರು, ನಂಬರು.
ಬರೆದ ಕೈ ನನ್ನದು.

ಚುನಾವಣೆಗೆಂದು ಒಪ್ಪಿಸಿಕೊಂಡದ್ದು.
ಎಣಿಕೆ ಮುಗಿಯಿತು, ಪಟಾಕಿಯ ಕಸ ಗುಡಿಸಿದ್ದಾಯಿತು,
ಒಬ್ಬೊಬ್ಬರೇ ಬಂದು ಸಹಿ ಹಾಕಿ ಹೆಗಲಿಗೇರಿಸಿ ಹೋದರು.
ಹನ್ನೊಂದನೆಯ ನಂಬರು ಉಳಿಯಿತು.
ಮತ್ತಿಗೋಡಿನ ಕೆರಿಯಪ್ಪ
ಎಣಿಕೆಗೆ ಮೂರು ದಿನ ಮೊದಲೇ ತೀರಿಹೋಗಿದ್ದ.
ಸತ್ತವನ ಸಹಿ ಯಾವ ರಿಜಿಸ್ಟರಿನಲ್ಲಿ ಹಾಕಿಸಲಿ?

ಹೆಂಡತಿ ಅರ್ಜಿ ಕೊಟ್ಟಳು.
ಚೌಡಮ್ಮ, ಐವತ್ತೆರಡು, ಎರಡೆಕರೆ ಜೋಳ, ಕಾಡಿನ ಅಂಚು.
ಅದೇ ವಾರ ಜಲ್ಲಿ ಕ್ರಷರಿನ ವಿಶ್ವೇಂದ್ರರದೂ ಬಂತು:
ಪಿಸ್ತೂಲು, ಪ್ರಾಣರಕ್ಷಣೆಗೆ.
ಎರಡು ಕಡತ, ಒಂದೇ ಟೇಬಲ್ಲು, ಒಂದೇ ಪೆನ್ನು.
ಹನ್ನೆರಡನೇ ಕಾಲಮ್ಮು ಇಬ್ಬರಿಗೂ ಒಂದೇ ಕೇಳುತ್ತದೆ:
ಅಗತ್ಯವಿದೆಯೇ?

ವಿಶ್ವೇಂದ್ರರ ಮನೆಗೆ ನಾನು ಹೋಗಲಿಲ್ಲ.
ಹೋಗಬೇಕಾಗಲಿಲ್ಲ. ವರದಿ ಟೈಪಾಗಿಯೇ ಬಂದಿತ್ತು,
ಕೆಳಗೆ ನನ್ನ ಹೆಸರಿನ ಕಾಗುಣಿತ ಕೂಡ ಸರಿಯಿತ್ತು.
ಯಾರಿಂದ ಭಯ ಎಂದು ಕೇಳಿದವರಿಲ್ಲ.
ಅವರ ಸಿಡಿಮದ್ದಿಗೆ ಗೋಡೆ ಬಿರುಕುಬಿಟ್ಟ ಶಾಲೆಯ
ಮಕ್ಕಳಿಂದ ಇರಬಹುದೇ, ಎಂದು
ಚಹಾ ಕುಡಿಯುತ್ತ ನಗಾಡಿದೆವು.
ಆಮೇಲೆ ಸಹಿ ಹಾಕಿದೆ.
ನಲವತ್ತು ದಿನಕ್ಕೆ ಶಿವಮೊಗ್ಗದಿಂದ ಲೈಸೆನ್ಸು ಬಂತು.

ಚೌಡಮ್ಮನಲ್ಲಿಗೆ ಮೂರು ಸಲ ಹೋಗಿದ್ದೇನೆ.
ಮೊದಲ ಸಲ ನಡತೆ ವಿಚಾರಿಸಲು,
ಎರಡನೆಯದು ಪಹಣಿ ನೋಡಲು,
ಅರ್ಧ ಜಮೀನು ಇನ್ನೂ ಭಾವನ ಹೆಸರಿನಲ್ಲೇ ಇದೆ.
ಮೂರನೆಯದು ಯಾಕೆಂದು ನನಗೂ ಗೊತ್ತಿರಲಿಲ್ಲ,
ಸಾಹೇಬರು ಕೆಂಪು ಶಾಯಿಯಲ್ಲಿ "ಮತ್ತೊಮ್ಮೆ" ಎಂದಿದ್ದರು.

ಜೀವಭಯ ಇದೆಯೋ? ಯಾರಿಂದ?
"ಹಂದಿಗೆ ನಾ ಹೆಸರಿಟ್ಟಿಲ್ಲ ಮಾರಾಯ್ರೇ."
ಹೊಡೆಯಲು ಬರುತ್ತದೋ?
"ಹೊಡೆಯೋದು ಯಾರಿಗೆ? ಅವ್ರೂ ಆಕಾಶಕ್ಕೇ ಹಾರಿಸೋರು.
ನಂಗೆ ಗುಂಡು ಬ್ಯಾಡ. ಸದ್ದಿಗೊಂದು ಲೈಸೆನ್ಸ್ ಕೊಡ್ಸಿ, ಸಾಕು."
ಸದ್ದಿಗೆ ಕಾಲಮ್ಮಿರಲಿಲ್ಲ.

ಜಗಲಿಯ ಗೋಡೆಯಲ್ಲಿ ಎರಡು ಮರದ ಗೂಟ.
ನಡುವೆ, ಕೋವಿಯ ಉದ್ದಕ್ಕೆ,
ಹೊಗೆ ಹಿಡಿಯದ ಒಂದು ಬಿಳಿ ಪಟ್ಟೆ.
ಆಯುಧಪೂಜೆ ಕಳೆದು ಎರಡು ದಿನ.
ಕತ್ತಿಗೆ, ಗುದ್ದಲಿಗೆ, ಹಾರೆಗೆ ಕುಂಕುಮವಿಟ್ಟವಳು
ಗೂಟಗಳಿಗೂ ಇಟ್ಟಿದ್ದಳು, ಚೆಂಡುಹೂವಿನ ಸಮೇತ.
ನಾನು ಟೋಪಿ ತೆಗೆದು ಮತ್ತೆ ಹಾಕಿಕೊಂಡೆ.

ಮರಳುವಾಗ ಪೇಟೆಯಲ್ಲಿ ಹೊಸ ಬೇಕರಿಯ ಉದ್ಘಾಟನೆ.
ದೀಪ ಹಚ್ಚಲು ವಿಶ್ವೇಂದ್ರರು ಬಗ್ಗಿದಾಗ
ಅಂಗಿ ಮೇಲೆ ಸರಿದು
ಸೊಂಟದಲ್ಲಿ ಕಪ್ಪಗೆ ಏನೋ ಇಣುಕಿತು,
ಕರವಸ್ತ್ರದಷ್ಟೇ ಸಲೀಸಾಗಿ.
ಕೆರಿಯಪ್ಪನ ಕೋವಿಯನ್ನು ಅಡಗಿಸುವುದಾದರೂ ಹೇಗೆ?
ಹೆಚ್ಚುಕಡಿಮೆ ಅವನಷ್ಟೇ ಎತ್ತರ. ಬಸ್ಸಿನಲ್ಲಿ ತಂದರೆ
ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಎಂದು ಚೇಷ್ಟೆ ಮಾಡುತ್ತಿದ್ದ.
ಊರಿಗೆಲ್ಲ ಕಾಣುವುದನ್ನು ಮೂರು ಸಲ ವಿಚಾರಿಸಿದೆ,
ಕಾಣದ್ದನ್ನು ಕೇಳಲೇ ಇಲ್ಲ.

ಹನ್ನೆರಡನೇ ಕಾಲಮ್ಮಿನಲ್ಲಿ "ಇದೆ" ಎಂದು ಬರೆದೆ,
ಅಡಿಗೆರೆ ಹಾಕಿ.
ಕಡತ ಶಿವಮೊಗ್ಗಕ್ಕೆ ಹೋಗಿ, ಅರಣ್ಯ ಇಲಾಖೆಗೆ ಹೊರಳಿ,
ಈಗ ಎಲ್ಲಿದೆಯೋ.
ತಿಂಗಳಿಗೊಮ್ಮೆ ಹನ್ನೊಂದನೆಯದಕ್ಕೆ ಕೊಬ್ಬರಿ ಎಣ್ಣೆ ಒರೆಸುತ್ತೇನೆ.
ಮೊನ್ನೆ ನಳಿಗೆಯೊಳಗೆ ಕಣಜ ಗೂಡು ಕಟ್ಟಿತ್ತು, ಕೆದಕಿ ತೆಗೆದೆ.

ನಿನ್ನೆ ರಾತ್ರಿಪಾಳಿ. ಎರಡೂಕಾಲಿಗೆ
ಮತ್ತಿಗೋಡಿನ ಕಡೆಯಿಂದ ಒಂದು ಸದ್ದು.
ಗರ್ನಾಲೋ, ಡಬ್ಬದಲ್ಲಿ ತುಂಬಿದ ಕಾರ್ಬೈಡೋ,
ಬೇರೆಯೇ ಏನೋ.
ನಾಯಿಗಳು ಎದ್ದವು. ಸೆಂಟ್ರಿ ನನ್ನ ಮುಖ ನೋಡಿದ.
ಡೈರಿ ಎಳೆದುಕೊಂಡು ವೇಳೆ ಬರೆದೆ.
ಮುಂದೆ ಬರೆದೆ: ಗುಡುಗು.

ಹೊರಗೆ ಬಂದು ನೋಡಿದರೆ
ಆಕಾಶದ ತುಂಬ ನಕ್ಷತ್ರ.