ಎರಡು ಬಡಿತ

ಫ್ಲೇವಿಯಾ ಬಾಯಿ ಬಂದದ್ದು ಶುಕ್ರವಾರ, ನನ್ನ ರಜೆಯ ದಿನ.
ಕೈಯಲ್ಲಿ ನೀಲಿ ಫೈಲು, ಎರಡು ಪೆನ್ಸಿಲು,
ಮನ್ವಿತನಿಗೆಂದು ಒಂದು ಪ್ಯಾಕೆಟ್ ಬಿಸ್ಕತ್ತು.
ಅವನು ಬಿಸ್ಕತ್ತು ಮುಟ್ಟಲಿಲ್ಲ. ಪ್ಯಾಕೆಟಿನ ಅಂಚನ್ನು
ಹತ್ತು ನಿಮಿಷ ಕಿವಿಯ ಬಳಿ ಹಿಡಿದು ಚರಚರ ಕೇಳಿದ.

ಅಮ್ಮನಿಗೊಂದು ಹಾಳೆ, ಅಪ್ಪನಿಗೊಂದು.
ಒಬ್ಬರದನ್ನೊಬ್ಬರು ನೋಡಬಾರದು, ಅಂದರು.
ತಪ್ಪು ಉತ್ತರ ಅಂತ ಇಲ್ಲವಂತೆ.
ಮುಂದಿನ ಶುಕ್ರವಾರ ಬಂದು ಕೊಂಡುಹೋಗುತ್ತಾರಂತೆ.
ನಲವತ್ತೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಐದು ಮನೆ:
ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ.
ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ವರೆಗೆ
ಸ್ಟೇಜು ಲೆಕ್ಕ ಹಾಕಿ ಟಿಕೆಟ್ ಹರಿಯುವವನಿಗೆ
ಐದು ಮನೆ ಏನು ಕಷ್ಟ. ಆದರೂ
ಏಳನೆಯದರ ಹತ್ತಿರ ಕೆಟ್ಟ ಬಸ್ಸಿನ ಹಾಗೆ ನಿಂತುಬಿಟ್ಟೆ:
ಮಗುವಿಗಾಗಿ ನೀವು ಬಿಟ್ಟುಕೊಟ್ಟದ್ದು ಉಂಟೇ?

ಉಂಟು. ವಿಶಲ್.
ಅದನ್ನು ಬರೆಯಲು ಜಾಗ ಇರಲಿಲ್ಲ.

ಮೂರು ವರ್ಷದವನಿದ್ದಾಗ ಒಮ್ಮೆ ನನ್ನ ಬಸ್ಸಿಗೇ ಹತ್ತಿಸಿಕೊಂಡಿದ್ದೆ.
ಕೂಳೂರು ಸಂಕದ ಮೇಲೆ ಬ್ಲಾಕು. ನಾನು ಊದಿದ್ದು ಒಂದೇ ಸಲ.
ಅವನು ಕಿವಿ ಮುಚ್ಚಿ ಸೀಟಿನಡಿಗೆ ಹೋದ.
ಬೈಕಂಪಾಡಿ ದಾಟಿದರೂ ಹೊರಗೆ ಬರಲಿಲ್ಲ.
ಹಿಂದಿನಿಂದ ಯಾರೋ: ಎರಡು ಬಿಡಿ ಮಾರಾಯ್ರೇ, ಸರಿಯಾಗ್ತಾನೆ.
ಸುಗಂಧಿ ಬಸ್ಸಿನ ನೆಲದಲ್ಲೇ ಸೆರಗು ಹಾಸಿ
ಅವನ ಪಕ್ಕ ಮಲಗಿದಳು,
ಅಷ್ಟೂ ಜನರ ಚಪ್ಪಲಿಗಳ ನಡುವೆ.

ಅಂದಿನಿಂದ ಬಸ್ಸಿನ ತಗಡಿಗೆ ಅಂಗೈ:
ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೊರಡು.
ಧಣಿಗಳು ಬೈದರು. ಡ್ರೈವರ್ ಹಂಝಣ್ಣ ಮಾತ್ರ
ಏನೂ ಕೇಳದೆ ಕಿವಿ ಹೊಂದಿಸಿಕೊಂಡ.

ಮನ್ವಿತನಿಗೆ ಈಗ ಒಂಬತ್ತು. ಅವನ ಮಾತು ಎರಡೇ: ರೈಟ್, ಪೋಯಿ.
ಹಸಿವಾದರೂ ರೈಟ್ ಪೋಯಿ, ಜ್ವರ ಬಂದರೂ ರೈಟ್ ಪೋಯಿ.
ರಾತ್ರಿ ಎರಡಕ್ಕೆ ಎದ್ದು, ನಾನು ತಂದ ಹಳೆಯ ಟಿಕೆಟುಗಳನ್ನು
ಹೊಸ್ತಿಲಿನಿಂದ ಬಚ್ಚಲವರೆಗೆ ಸಾಲಾಗಿ ಹಾಸುತ್ತಾನೆ.
ಒಂದು ಅಲುಗಿದರೆ ಮತ್ತೆ ಮೊದಲಿನಿಂದ.
ಸುಗಂಧಿ ಬೀಡಿಯ ತಡ್ಪೆಯನ್ನು ತೊಡೆಯ ಮೇಲಿಟ್ಟು ಎಚ್ಚರ ಕೂರುತ್ತಾಳೆ.
ನಿದ್ದೆ ಹೋದರೇನು, ಬೀಡಿಯಾದರೂ ಆಗುತ್ತದಲ್ಲ, ಎನ್ನುತ್ತಾಳೆ.
ನಾನು ಮೊದಲ ಟ್ರಿಪ್ಪಿನವ. ಗೋಡೆಗೆ ಮುಖ ಮಾಡಿ ಮಲಗುತ್ತೇನೆ.

ನೂರ ಇಪ್ಪತ್ತು ಮನೆಗೆ ಹೋಗಿದ್ದಾರಂತೆ ಫ್ಲೇವಿಯಾ ಬಾಯಿ.
ಎಲ್ಲರದೂ ಕೂಡಿಸಿ ಸರಾಸರಿ ತೆಗೆಯುತ್ತಾರಂತೆ.
ಸರಾಸರಿ ನನಗೂ ಗೊತ್ತು:
ಒಂದು ಟ್ರಿಪ್ಪಿಗೆ ಎಂಬತ್ತು ಜನ, ಮುಂದಿನದಕ್ಕೆ ಎಂಟು,
ಧಣಿಗಳ ಪುಸ್ತಕದಲ್ಲಿ ನಲವತ್ತನಾಲ್ಕು.
ಬಾಗಿಲಲ್ಲಿ ನೇತಾಡಿ ಬಂದವನ ಕೈನೋವು ಅದರಲ್ಲಿ ಸಿಗುವುದಿಲ್ಲ.

ಬುಧವಾರ ಅವಳು ಬೀಡಿ ಕೊಡಲು ಬ್ರಾಂಚಿಗೆ ಹೋದಾಗ
ಅವಳ ಹಾಳೆ ತೆಗೆದೆ. ತೆಗೆಯಬಾರದಿತ್ತು.
ಎಲ್ಲ ಸಾಲಿನಲ್ಲೂ ಗುರುತು ಎರಡನೆಯ ಮನೆಯಲ್ಲಿ.
ಅತ್ತದ್ದು ಅಪರೂಪಕ್ಕೆ. ಎದೆ ಹಿಂಡಿದ್ದು ಅಪರೂಪಕ್ಕೆ.
ಎಲ್ಲಾದರೂ ಎದ್ದು ಹೋಗಬೇಕೆನಿಸಿದ್ದು ಅಪರೂಪಕ್ಕೆ.
ಗಂಡ ಜೊತೆಗಿಲ್ಲ ಅನಿಸಿದ್ದು, ಅದೂ ಅಪರೂಪಕ್ಕೆ.

ನೋಟು ಎಣಿಸಿ ಎಣಿಸಿ ಪಳಗಿದ ಬೆರಳು ನನ್ನದು.
ಕತ್ತಲಲ್ಲೂ ಹತ್ತು ಯಾವುದು, ಇಪ್ಪತ್ತು ಯಾವುದು ಹೇಳುತ್ತದೆ.
ಕೊನೆಯ ಮನೆಗಳ ಮೇಲೆ ಆಡಿಸಿದರೆ
ಅಲ್ಲಿ ಕಾಗದ ತಗ್ಗು.
ರಬ್ಬರಿನಲ್ಲಿ ಉಜ್ಜಿದ್ದಾಳೆ. ಉಜ್ಜುವ ಮೊದಲು
ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದಾಳೆ.
ಯಾವಾಗಲೂ. ಯಾವಾಗಲೂ. ಯಾವಾಗಲೂ.
ಫ್ಲೇವಿಯಾ ಬಾಯಿಯ ಕಂಪ್ಯೂಟರಿಗೆ
ತಗ್ಗು ಓದಲು ಬರುತ್ತದೆಯೇ?

ಹಾಳೆ ಇದ್ದಲ್ಲೇ ಇಟ್ಟೆ. ಆ ರಾತ್ರಿ ಟಿಕೆಟ್ ಹಾಸುವ ಹೊತ್ತಿಗೆ
ನಾನೂ ಎದ್ದು ತಡ್ಪೆಯನ್ನು ಅವಳ ತೊಡೆಯಿಂದ ತೆಗೆದುಕೊಂಡೆ.
ಬೀಡಿ ಸುತ್ತಲು ನನಗೆ ಬರುವುದಿಲ್ಲ. ಸುಮ್ಮನೆ ಹಿಡಿದು ಕೂತೆ.
ಅವಳು ಗೋಡೆಗೆ ತಿರುಗಿ ಮಲಗಿದಳು.
ಬೆನ್ನು ಅಲುಗುತ್ತಿತ್ತು.

ಮನ್ವಿತ್ ಸಾಲು ದಾಟಿ ಬಂದ, ಒಂದು ಟಿಕೆಟನ್ನೂ ತುಳಿಯದೆ.
ಅವಳ ಬೆನ್ನಿಗೆ ಅಂಗೈಯಿಂದ ಬಡಿದ.
ಒಂದು.

ಎರಡನೆಯದಕ್ಕೆ ಕಾದೆ.
ಹಂಝಣ್ಣನ ಬಸ್ಸು ರಸ್ತೆಯ ತಲೆಗೆ ಬಂದು ನಿಲ್ಲುವವರೆಗೂ
ಅವನ ಕೈ ಅಲ್ಲೇ ಇತ್ತು.