ಡಸ್ಟರಿನವಳು

ಇದ್ದಿನಬ್ಬನ ಹಾರ್ನು ಕೇಳಿದರೆ ಸಾಕು,
ಬೊಕ್ಕಪಟ್ಣದ ನಮ್ಮ ಓಣಿಯ ಬೆಕ್ಕುಗಳು
ಹಂಚಿನಿಂದ, ಪಾಗಾರದಿಂದ, ಒಗೆಯುವ ಕಲ್ಲಿನ ಅಡಿಯಿಂದ
ಬಾಲ ನೆಟ್ಟಗೆ ಮಾಡಿ ಬರುತ್ತವೆ.
ಐಸ್‌ಕ್ಯಾಂಡಿಯವನದೂ ಅಂಥದೇ ರಬ್ಬರು ಹಾರ್ನು, ಅದೇ ಪೋಂ ಪೋಂ;
ಅದಕ್ಕೆ ಒಂದು ಕಿವಿಯೂ ಅಲುಗುವುದಿಲ್ಲ.
ನನಗೆ ಇವತ್ತಿಗೂ ವ್ಯತ್ಯಾಸ ತಿಳಿಯದು.
ತಟ್ಟೆ ಹಿಡಿದು ಓಡಿ, ಐಸಿನವನ ಹತ್ತಿರ
ಬೂತಾಯಿ ಎಷ್ಟು ಎಂದು ಕೇಳಿದ್ದೇನೆ.

"ಅದು ಕಲಿಕೆ, ಸೆವ್ರಿನ್" ಅಂದರು ವಸುಮತಿ ಮೇಡಂ.
ನಾನು ಅವರ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರು,
ಹದಿನೆಂಟು ವರ್ಷದಿಂದ ಜಾಡಿಗಳ ಧೂಳು ಒರೆಸುತ್ತ
ಫಾರ್ಮಲಿನ್ ವಾಸನೆಯಲ್ಲಿ ಅರ್ಧರ್ಧ ಪಾಠ ಕೇಳಿದವಳು.
ಗಂಟೆಗೆ ಜೊಲ್ಲು ಸುರಿಸಿದ ನಾಯಿ ಗೊತ್ತು,
ಕಾಳಿಗಾಗಿ ಗುಂಡಿ ಕುಟುಕಿದ ಪಾರಿವಾಳ ಗೊತ್ತು;
ಆಮೇಲೆ ಅವುಗಳಿಗೆ ಏನಾಯಿತೆಂದು ಮಾತ್ರ
ಯಾವ ವರ್ಷದ ಪಾಠದಲ್ಲೂ ಬರಲಿಲ್ಲ.

ಮೇಡಂ ಹಲಗೆಯ ನಡುವೆ ಗೆರೆ ಎಳೆಯುತ್ತಾರೆ.
ಎಡಕ್ಕೆ: ಹುಟ್ಟುತ್ತಲೇ ಬಂದದ್ದು. ಬಲಕ್ಕೆ: ಬದುಕಿ ಕಲಿತದ್ದು.
ಮೂರೂವರೆಗೆ ನಾನು ಡಸ್ಟರು ಎಳೆದರೆ
ಜೇಡನ ಬಲೆ ಹೋಗಿ ಸೈಕಲ್ ಸವಾರಿಗೆ ಮೆತ್ತಿ
ಎಲ್ಲ ಒಂದೇ ಬಿಳಿ ಮೋಡ, ಮೂಗಿಗೆ, ರೆಪ್ಪೆಗೆ.
ಸೀನುತ್ತೇನೆ. ಸೀನು ಎಡಕ್ಕೆ ಸೇರಿದ್ದು.
ಸೀನಿ "ಜೆಜು" ಅನ್ನುವುದು ಬಲಕ್ಕೆ.

ಜೂನಿನಲ್ಲಿ ಬೋಟುಗಳನ್ನು ಕಟ್ಟಿಹಾಕಿದರು. ಹಾರ್ನು ನಿಂತಿತು.
ಸರಿಯಾಗಿ ಆಗಲೇ ನಮ್ಮ ಬಿಳಿ ಬೆಕ್ಕು
ಸೌದೆ ಕೊಟ್ಟಿಗೆಯಲ್ಲಿ ಮೂರು ಮರಿ ಹಾಕಿತು.
ಮೊದಮೊದಲು ಹತ್ತು ಗಂಟೆಗೆ ಗೇಟಿನ ತನಕ ಹೋಗಿ ಬರುತ್ತಿತ್ತು,
ಆಮೇಲೆ ಮೆಟ್ಟಿಲ ತನಕ, ಆಮೇಲೆ ಕತ್ತೆತ್ತುವುದು ಮಾತ್ರ,
ಆಮೇಲೆ ಅದೂ ಇಲ್ಲ.
ಮರಿಗಳಿಗೆ ಹಾರ್ನೂ ತಿಳಿಯದು, ಬೂತಾಯಿಯೂ ತಿಳಿಯದು.
ಆದರೆ ಅಂಗಳದ ಪಾಚಿ ತೊಳೆಯಲು ಬಿಟ್ಟ ಹಸಿರು ಪೈಪು
ನೀರು ತುಂಬಿ ಒಮ್ಮೆ ಕೊಸರಿತು ನೋಡಿ,
ಕಣ್ಣು ಬಿಟ್ಟು ಎರಡು ವಾರವೂ ಆಗದ ಮರಿ
ಬೆನ್ನು ಬಿಲ್ಲು ಮಾಡಿ, ಅಂಗೈಯಷ್ಟು ಮೈ ಉಬ್ಬಿಸಿ
ಉಸ್ಸೆಂದಿತು.
ಹಾವನ್ನು ಅದು ಎಲ್ಲಿ ಕಂಡಿತ್ತು?
ಅದರ ಅಜ್ಜಿಯ ಅಜ್ಜಿಯ ಅಜ್ಜಿಯಂದಿರಲ್ಲಿ
ಹಾರಿದವರು ಉಳಿದರು;
ಏನದು ಎಂದು ನಿಂತು ನೋಡಿದವರಿಗೆ ಸಂತಾನವಿಲ್ಲ.

ಇನ್ನೊಂದಿದೆ, ಮೇಡಮ್ಮಿಗೆ ಹೇಳಿಲ್ಲ.
ರಾತ್ರಿ ಒಂಬತ್ತೂವರೆಗೆ ಓಣಿಯಲ್ಲಿ ಸ್ಕೂಟರು ತಿರುಗಿದರೆ
ನನ್ನ ಕೈ ಅನ್ನದಲ್ಲೇ ನಿಲ್ಲುತ್ತದೆ.
ಅವನು ಸತ್ತು ಆರು ವರ್ಷ. ಆ ಸ್ಕೂಟರನ್ನು
ಗುಜರಿಗೆ ಹಾಕಿದ್ದು ನಾನೇ, ಒಂಬೈನೂರು ರೂಪಾಯಿಗೆ.
ಗಂಟೆ ಬಾರಿಸಿ ಬಾರಿಸಿ ಅನ್ನ ಕೊಡದಿದ್ದರೆ
ನಾಯಿ ಕೂಡ ಮರೆಯುತ್ತದಂತೆ.
ಹೊಡೆತವಿಲ್ಲದ ಎರಡು ಸಾವಿರ ರಾತ್ರಿ ಕಳೆದೆ,
ಬೆನ್ನು ಮಾತ್ರ ಹಠಮಾರಿ ವಿದ್ಯಾರ್ಥಿ.

ನನ್ನದು ಸರಿ. ಪ್ರೆಸಿಲ್ಲಾಳದು?
ಅವಳ ಮೇಲೆ ಅವನು ಒಂದು ಬೆರಳೂ ಎತ್ತಿದವನಲ್ಲ.
ಮೊನ್ನೆ ಪಕ್ಕದ ಮನೆಗೆ ಯಾರೋ ಬಂದು ಸ್ಟ್ಯಾಂಡು ಹಾಕಿದರು;
ಓದುತ್ತಿದ್ದವಳು ಎದ್ದು ದೀಪ ಆರಿಸಿ ಕೂತಳು.
ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ.
ಎಡಕ್ಕೋ, ಬಲಕ್ಕೋ? ಕತ್ತಲಲ್ಲಿ ಕೂತು ಲೆಕ್ಕ ಹಾಕಿದೆ.
ಅವನಿಂದ ಕಲಿತದ್ದಲ್ಲ ಅದು.
ನನ್ನ ಮುಖ ಓದಿ ಕಲಿತಳು,
ಡಸ್ಟರಿನವಳು ಒರೆಸದೆ ಬಿಟ್ಟ ಹಲಗೆ.

ಆಗಸ್ಟಿನಲ್ಲಿ ಬೋಟು ಇಳಿದವು. ಹತ್ತಕ್ಕೆ ಪೋಂ ಪೋಂ.
ಮರೆತೇಬಿಟ್ಟಿದೆ ಅಂದುಕೊಂಡ ತಾಯಿಬೆಕ್ಕು
ಮೊದಲ ಪೋಂಗೇ ಗೇಟಿನಲ್ಲಿತ್ತು.
ಮರಿಗಳು ಹಾರ್ನಿನ ಕಡೆ ನೋಡಲೇ ಇಲ್ಲ,
ತಾಯಿಯ ಬಾಲ ನೋಡಿದವು, ಆಮೇಲೆ
ದಾರದಂಥ ಮೂರು ಬಾಲ ನೆಟ್ಟಗಾಗಿ
ಅದರ ಹಿಂದೆಯೇ ಓಡಿದವು.

ಆ ರಾತ್ರಿ ಒಂಬತ್ತೂವರೆಗೆ ಸ್ಕೂಟರು ತಿರುಗಿತು.
ಪ್ರೆಸಿಲ್ಲಾ ತಲೆಯೆತ್ತಿ ನೋಡಿದ್ದು ಬಾಗಿಲನ್ನಲ್ಲ, ನನ್ನನ್ನು.
ನಾನು ಬೂತಾಯಿಯ ಮುಳ್ಳು ಬಿಡಿಸುತ್ತಲೇ ಇದ್ದೆ.
ಒಳಗೆ ಬೆನ್ನು ಬಿಲ್ಲಾಯಿತು, ಅದು ಅವಳಿಗೆ ಕಾಣದು.
"ಉಪ್ಪು ಸಾಕಾ?" ಅಂದೆ.
ದನಿ ಸ್ವಲ್ಪ ಜೋರಾಯಿತೇನೋ.
ಅವಳು ಇನ್ನೊಂದು ಗಳಿಗೆ ನೋಡಿ
ಪುಟ ತಿರುಗಿಸಿದಳು.